ಒಂದು ಬೆರಳಷ್ಟು ಎತ್ತಿದ ತೂಬು

ಬೂದಿಯಲ್ಲಿ ಬೆರಳದ್ದಿಕೊಂಡು ಅನ್ನಪೂರ್ಣಮ್ಮ ಮತ್ತೊಂದು ಬತ್ತಿ ಹೊಸೆದಳು. ಕಾಳು ಬಿಡಿಸಿದ ಅರಳೆ ಮೊರದಲ್ಲಿ ಗುಡ್ಡೆ ಬಿದ್ದಿತ್ತು. ಅದನ್ನು ಚೂರು ಚೂರೇ ಕಿತ್ತು ಹಿಂಜುವುದು, ಮೊಣಕಾಲಿನ ಮೇಲಿಟ್ಟು ಅಂಗೈಯಲ್ಲಿ ಹೊಸೆಯುವುದು, ಹೊಸೆದದ್ದನ್ನು ಹಿತ್ತಾಳೆ ತಟ್ಟೆಯಲ್ಲಿ ಮಲಗಿಸುವುದು. ಎದುರಿಗೆ ಕಾಲು ಚಾಚಿ ಕುಳಿತ ಅತ್ತೆ ಕೊಟ್ರಮ್ಮನದೂ ಅದೇ ಕೆಲಸ. ಬೆಳಗಿನ ಬಿಸಿಲು ಹೊಸ್ತಿಲ ತನಕ ಬಂದು, ಒಳಗೆ ಬರಲೋ ಬೇಡವೋ ಅನ್ನುವ ನೆಂಟರ ಹಾಗೆ ನಿಂತಿತ್ತು.

"ತುಟಿ ಒರೆಸ್ಕಳೇ," ಅಂದಳು ಕೊಟ್ರಮ್ಮ.

"ಏನಾಗೈತೆ?"

"ಅರಳೆ ಮೆತ್ಕಂಡೈತೆ. ಈಗ ತೆಗೀತಾಳೆ ಆಗ ತೆಗೀತಾಳೆ ಅಂತ ಆಗ್ಲಿಂದ ನೋಡ್ತಾ ಇದೀನಿ. ಕೋಳಿಮರಿ ತಿಂದ ಬೆಕ್ಕಿನಂಗೆ ಕುಂತಿದೀಯ."

ಅನ್ನಪೂರ್ಣಮ್ಮ ಸೆರಗಿನ ತುದಿಯಿಂದ ಕೆಳತುಟಿ ಒರೆಸಿಕೊಂಡಳು. ಸೆರಗಿಗೆ ಅರಳೆ ಬಂತು. ತುಟಿಗೆ ಸೆರಗು ತಗುಲಿದ್ದು ಮಾತ್ರ ಗೊತ್ತಾಗಲಿಲ್ಲ.

ಹೋದ ಕಾರ್ತಿಕದಿಂದ ಹೀಗೇ. ಹಿರಿಯೂರಿನಲ್ಲಿ ಸಂತೆ ಮುಗಿಸುವಷ್ಟರಲ್ಲಿ ಬಸ್ಸು ತಪ್ಪಿತ್ತು. ಖಾಲಿ ಗೋಣಿಚೀಲ ಹೇರಿಕೊಂಡು ಯಲ್ಲದಕೆರೆ ಕಡೆ ಹೊರಟಿದ್ದ ಲಾರಿಯೊಂದನ್ನು ಗಂಡ ಹೆಂಡತಿ ಇಬ್ಬರೂ ಹತ್ತಿದರು. ತಿರುವಿನಲ್ಲಿ ಲಾರಿ ಮಗುಚಿತು. ಗಂಡ ಗಂಗಾಧರಪ್ಪ ಅಲ್ಲೇ ಹೋದ. ಅವಳ ಕೆಳದವಡೆ ಒಡೆಯಿತು. ಊರಲ್ಲಿ ಅವನಿಗೆ ಮಣ್ಣು ಕೊಡುವ ಹೊತ್ತಿಗೆ ಅವಳು ದುರ್ಗದ ಆಸ್ಪತ್ರೆಯಲ್ಲಿ ದವಡೆಗೆ ತಂತಿ ಬಿಗಿಸಿಕೊಂಡು ಮಲಗಿದ್ದಳು. ಅಳುವುದಕ್ಕೂ ಬಾಯಿ ಬೇಕಲ್ಲ. ಆಮೇಲೆ ತಂತಿ ಬಿಚ್ಚಿದರು, ದವಡೆ ಕೂಡಿತು, ಗಂಜಿ ಹೋಗಿ ಮುದ್ದೆ ಬಂತು. ಆದರೆ ಕೆಳತುಟಿಗೆ ಹಿಡಿದ ಜೋಮು ಬಿಡಲಿಲ್ಲ. ಬಿಸಿ ಕಾಫಿ ಸುಟ್ಟರೂ ಇಲ್ಲ, ಚಳಿಗೆ ಒಡೆದರೂ ಇಲ್ಲ. "ಬಂದರೆ ಬರುತ್ತಮ್ಮ, ತಡವಾಗಬಹುದು," ಅಂದಿದ್ದರು ಡಾಕ್ಟರು. ಅವಳು ತಲೆಯಾಡಿಸಿ ಬಂದಿದ್ದಳು. ತುಟಿಯ ಜೋಮು ಯಾವಾಗ ತುಟಿ ದಾಟಿ ಒಳಕ್ಕಿಳಿಯಿತೋ ಅವಳಿಗೇ ತಿಳಿಯದು. ಯಾರಾದರೂ "ಎಂಗಿದೀಯಮ್ಮ?" ಅಂದರೆ "ಇದೀನಿ" ಅನ್ನುವಳು. ಅದರಲ್ಲಿ ಸುಳ್ಳೂ ಇರಲಿಲ್ಲ, ನಿಜವೂ ಇರಲಿಲ್ಲ.

ಈ ಬತ್ತಿಗಳೆಲ್ಲ ಗಂಗಾಧರಪ್ಪನ ಪಟದ ಮುಂದಿನ ದೀಪಕ್ಕೆ. ವರ್ಷ ತುಂಬುವ ತನಕ ಮಗನ ದೀಪ ಹಗಲೂ ರಾತ್ರಿ ಆರಬಾರದು ಅಂತ ಕೊಟ್ರಮ್ಮ ತಾನೇ ನೇಮ ಹಿಡಿದಿದ್ದಳು. ಎಣ್ಣೆ ತೀರುವ ಮೊದಲೇ ಎಣ್ಣೆ, ಬತ್ತಿ ಕರಗುವ ಮೊದಲೇ ಬತ್ತಿ. ದೀಪದ ಕಡೆ ಸೆರಗಿನ ಗಾಳಿ ಹಾಯಿಸಿದರೂ ಬೈಗುಳ.

"ನಿನ್ನೆ ನಿಮ್ಮ ಹೆಡ್‌ಮೇಷ್ಟ್ರು ಸಿಕ್ಕಿದ್ರು," ಕೊಟ್ರಮ್ಮ ಬತ್ತಿಯ ಕಡೆಯೇ ನೋಡುತ್ತಾ ಅಂದಳು. "ಕನ್ನಡಿ ಹಿಂದ್ಗಡೆ ಕಾಗ್ದ ಏನಾತು ಅಂತ ಕೇಳಿದ್ರು."

"ಕನ್ನಡಿ ಹಿಂದೆ ಐತೆ ಅಂತ ಅವರಿಗೆ ಯಾರು ಹೇಳಿದ್ರು?"

"ನಾನೇ ಹೇಳ್ದೆ. ಇನ್ಯಾರು ಹೇಳ್ತಾರೆ, ಕನ್ನಡಿ ಹೇಳ್ತತಾ?"

ಅನ್ನಪೂರ್ಣಮ್ಮ ಯಲ್ಲದಕೆರೆ ಶಾಲೆಯಲ್ಲಿ ಟೀಚರು. ಬೆಂಗಳೂರಿನಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟರುಗಳಿಗೆ ನಾಲ್ಕು ತಿಂಗಳ ತರಬೇತಿ ಇದೆ, ನಿಮ್ಮನ್ನು ಕಳಿಸುವ ವಿಚಾರವಿದೆ, ಒಪ್ಪಿಗೆ ಇದ್ದರೆ ಬರೆದು ತಿಳಿಸಿ ಅಂತ ದೀಪಾವಳಿ ಹೊತ್ತಿಗೆ ಕಚೇರಿಯಿಂದ ಪತ್ರ ಬಂದಿತ್ತು. ಅವಳು ಅವತ್ತೇ ಒಪ್ಪಿಗೆ ಬರೆದಳು. ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟಳು, ಸೋಮವಾರ ಒಳ್ಳೆಯ ದಿನ, ಅವತ್ತೇ ತಾರೀಖು ಹಾಕಿ ಟಪಾಲಿಗೆ ಹಾಕೋಣ ಅಂತ. ಆ ಸೋಮವಾರ ಬರುವುದರೊಳಗೆ ಲಾರಿ ಮಗುಚಿತ್ತು. ಒಪ್ಪಿಗೆಯ ಪತ್ರ ಕನ್ನಡಿಯ ಹಿಂದೆಯೇ ಉಳಿಯಿತು.

ಶಾಲೆಯ ಹೊತ್ತಾಯಿತು. ಅವಳು ಬೂದಿ ಕೈ ತೊಳೆದು, ಒಂದು ಹಿಡಿ ಅರಳೆಯನ್ನು ಕಾಗದದಲ್ಲಿ ಸುತ್ತಿಕೊಂಡು ಎದ್ದಳು.

ಅರಳೆ ಇಂಗ್ಲಿಷಿಗೆ. ಐದನೇ ತರಗತಿಯ ಮಕ್ಕಳು ಪ-ಫ ಎರಡನ್ನೂ ಒಂದೇ ಮಾಡುತ್ತಿದ್ದರು. ಸ-ಶ ಎರಡಕ್ಕೂ ಒಂದೇ ಬಾಯಿ. ಪ್ಯಾನೂ ಪ್ಯಾನೇ, ಫ್ಯಾನೂ ಪ್ಯಾನೇ. ಮೇಣದಬತ್ತಿ ಹಚ್ಚಿ ಮಕ್ಕಳ ಬಾಯಿಯ ಮುಂದೆ ಹಿಡಿಯಿರಿ, ಪ ಅಂದಾಗ ಜ್ವಾಲೆ ನೆಗೆಯಬೇಕು, ಫ ಅಂದಾಗ ಸುಮ್ಮನೆ ಬಾಗಬೇಕು ಅಂತ ಕೈಪಿಡಿಯಲ್ಲಿ ಬರೆದಿತ್ತು. ಈ ಸಲ ಶಾಲೆ ಶುರುವಾದ ಹೊಸದರಲ್ಲಿ ಅವಳು ಮೇಣದಬತ್ತಿ ತಂದು ಹಚ್ಚಿಯೂ ಇದ್ದಳು. ಒಂದು ಮಗುವೂ ಬಾಯಿ ಬಿಡಲಿಲ್ಲ.

"ಬಾಯಾಗೆ ದೀಪ ಆರಿಸಿದ್ರೆ ಮನೆ ಕತ್ಲಾಗ್ತತಂತೆ ಮಿಸ್," ಅಂದಿದ್ದಳು ಮುಂದಿನ ಸಾಲಿನ ಕೆಂಚಕ್ಕ, ಎರಡು ಜಡೆಯ ಬಾಯಿಬಡುಕಿ.

"ಇದು ದೀಪ ಅಲ್ಲ ಕಣೇ, ಮೇಣದಬತ್ತಿ."

"ಬತ್ತಿ ಐತಲ್ಲ ಮಿಸ್."

ಅನ್ನಪೂರ್ಣಮ್ಮ ಮೇಣದಬತ್ತಿಯನ್ನು ಬೆರಳಿನಿಂದ ಚಿವುಟಿ ಆರಿಸಿದಳು. ತನ್ನ ಅವ್ವನೂ ದೀಪವನ್ನು ಹೂವಿನಿಂದ ಶಾಂತ ಮಾಡುತ್ತಿದ್ದಳೇ ಹೊರತು ಊದಿದ್ದಿಲ್ಲ. ಅವತ್ತಿನಿಂದ ಮೇಣದಬತ್ತಿ ಹೋಗಿ ಅರಳೆ ಬಂತು. ಅಂಗೈ ಮೇಲೆ ಒಂದು ಚೂರು ಅರಳೆ ಇಟ್ಟುಕೊಳ್ಳುವುದು. ಪ ಅಂದರೆ ಹಾರಿಬೀಳಬೇಕು, ಫ ಅಂದರೆ ಜಾರಿಕೊಂಡು ಹೋಗಬೇಕು. ಮಕ್ಕಳಿಗೆ ಅದು ಆಟ.

ಆ ವಾರವೇ ಗಂಗಾಧರಪ್ಪ ಮಾರಿಕಣಿವೆಯಿಂದ ರಜೆಗೆ ಬಂದಿದ್ದ. ಅಲ್ಲಿ ಅಣೆಕಟ್ಟಿನ ನಾಲೆಯ ತೂಬು ಎತ್ತಿ ಇಳಿಸುವ ನೀರುಗಂಟಿ ಕೆಲಸ ಅವನದು. ಹೆಂಡತಿ ಕನ್ನಡಿ ಮುಂದೆ ಕುಳಿತು ಪ್ಯಾನ್, ಫ್ಯಾನ್ ಅನ್ನುವುದನ್ನು ಬೀಡಿ ಸೇದುತ್ತಾ ಕೇಳಿ, ತಾನೂ ಹಿಂದಿನ ಬೆಂಚಿನ ದಡ್ಡನ ಹಾಗೆ ಬೇಕಂತಲೇ "ಪ್ಯಾನು, ಪ್ಯಾನು" ಅಂದು ನಕ್ಕಿದ್ದ. ಆಮೇಲೆ ಬೀಡಿ ಆರಿಸಿ, "ಅಷ್ಟೇ ಏನೇ ಇದು? ನಮ್ಮ ತೂಬಿನ ಲೆಕ್ಕ. ಪೂರಾ ಮುಚ್ಚಿ ದಡಕ್ಕನೆ ಬಿಟ್ರೆ ಪ. ಒಂದು ಬೆರಳು ಎತ್ತಿ ಬಿಟ್ರೆ ನೀರು ಸಂದಿಲಿ ಸುಯ್ಯಂತ ಬರ್ತತಲ್ಲ, ಅದು ನಿನ್ನ ಫ," ಅಂದಿದ್ದ. ಹೇಳುವುದು ಹೇಳಿದ, ಅವನ ಬಾಯಿಗೆ ಮಾತ್ರ ಕಡೆಯ ತನಕ ಫ ಹತ್ತಲಿಲ್ಲ.

ಈಗ ತರಗತಿಯಲ್ಲಿ ಅವಳು ಬಾಯಿ ಬಿಡುತ್ತಿರಲಿಲ್ಲ. ಹಲಗೆಯ ಮೇಲೆ ಪ ಒಂದು ಕಡೆ, ಫ ಒಂದು ಕಡೆ ಎರಡು ಸಾಲು ಬರೆದು, ಕೋಲಿನಿಂದ ತೋರಿಸಿ, ಕೆಂಚಕ್ಕನ ಕೈಲಿ ಹೇಳಿಸಿ ಉಳಿದವರಿಂದ ಅನ್ನಿಸುವಳು. ಫ ಅನ್ನಬೇಕಾದರೆ ಕೆಳತುಟಿ ಮೇಲೇರಿ ಮೇಲಿನ ಹಲ್ಲಿಗೆ ತಾಗಬೇಕು. ತುಟಿ ಏರಿದೆಯೋ ಇಲ್ಲವೋ, ತಾಗಿದ್ದು ಹಲ್ಲಿಗೋ ಮೇಲ್ದುಟಿಗೋ, ಅವಳಿಗೆ ತಿಳಿಯದು. ಬೇರೆ ಯಾರದೋ ತುಟಿಯನ್ನು ತಂದು ಹಚ್ಚಿದಂತಿತ್ತು.

ಅವತ್ತು ಮುಖ್ಯೋಪಾಧ್ಯಾಯ ತಿಪ್ಪೇರುದ್ರಪ್ಪ ಬಂದು ಬಾಗಿಲಲ್ಲಿ ನಿಂತರು. ಕೆಂಚಕ್ಕ ಎದ್ದಳು.

"ನೀನು ಕೂತ್ಕಳಮ್ಮ," ಅಂದರು ಮೇಷ್ಟ್ರು. "ಮಿಸ್ ಹೇಳ್ತಾರೆ."

ಅನ್ನಪೂರ್ಣಮ್ಮ ಅಂಗೈ ಮೇಲೆ ಅರಳೆ ಇಟ್ಟುಕೊಂಡಳು. "ಫ್ಯಾನ್," ಅಂದಳು.

ಅರಳೆ ಟಣ್ಣನೆ ಹಾರಿ ನೆಲಕ್ಕೆ ಬಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಮಿಸ್," ಅಂದಳು ಕೆಂಚಕ್ಕ, ಆದಷ್ಟು ಮೆಲ್ಲಗೆ, "ಅದು ಆ ಕಡೆ ಸಾಲಿಂದು."

ಅನ್ನಪೂರ್ಣಮ್ಮ ಮತ್ತೊಂದು ಸಲ ಅಂದಳು. ಅದೂ ಆ ಕಡೆ ಸಾಲಿನದೇ. ಗದ್ದದ ಮೇಲೆ ಒದ್ದೆ ಇಳಿದದ್ದು ಕೈಗೆ ಹನಿ ಬಿದ್ದಾಗ ಗೊತ್ತಾಯಿತು. ಒರೆಸಿಕೊಂಡಳು. ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ಎಲ್ಲೋ ದೂರದ ಹೊಲದಲ್ಲಿ ಯಾರೋ ಹೆಂಗಸು ಎಡವಿದ್ದನ್ನು ನೋಡಿದಂತಾಯಿತು, ಅಷ್ಟೇ.

ಗಂಟೆ ಹೊಡೆದ ಮೇಲೆ ಮೇಷ್ಟ್ರು ಬೇವಿನ ಮರದ ಕೆಳಗೆ ಕರೆದರು. ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ಹೇಳುವಾಗ ಕನ್ನಡಕ ತೆಗೆದು ಒರೆಸುವುದು ಅವರ ಅಭ್ಯಾಸ. ಈಗಲೂ ಒರೆಸಿದರು.

"ನೋಡ್ರಿ ಅನ್ನಪೂರ್ಣಮ್ಮಾರೆ, ಮುಂದಿನ ತಂಡಕ್ಕೆ ನಿಮ್ಮ ಹೆಸರು ಉಳಿಸ್ರಿ ಅಂತ ನಾನೇ ಕಚೇರಿಗೆ ಬರೆದಿದ್ದೆ. ಉಳಿಸಿದಾರೆ. ಆದರೆ ನಿಮ್ಮ ಒಪ್ಪಿಗೆ ಬೇಕಂತೆ. ನಾಳಿನ ಟಪಾಲಿಗೆ ಹೋಗದಿದ್ರೆ ಬೇರೆಯವರನ್ನ ಹಾಕ್ತಾರೆ. ಅವರೇ ಬಂದು ಇಲ್ಲಿ ಇಂಗ್ಲಿಷ್ ತಗಂತಾರೆ. ನಿಮಗೆ ಒಂದನೇ ತರಗತಿ, ಎರಡನೇ ತರಗತಿ."

"ಆಗ್ಲಿ ಸಾರ್."

"ಏನು ಆಗ್ಲಿ? ಕಳಿಸೋದು ಆಗ್ಲಿನೋ, ಒಂದನೇ ತರಗತಿ ಆಗ್ಲಿನೋ?"

ಅವಳು ಉದುರಿದ ಬೇವಿನೆಲೆಯನ್ನು ಕಾಲಿನ ಹೆಬ್ಬೆರಳಿನಿಂದ ಸರಿಸಿದಳು.

"ಒಲ್ಲೆ ಅಂದ್ರೆ ಒಲ್ಲೆ ಅಂತಾದ್ರೂ ಬರೀರಮ್ಮ. ಸುಮ್ನೆ ಇರೋದು ಉತ್ತರ ಅಲ್ಲ."

"ಈ ಬಾಯಿ ಇಟ್ಕಂಡು ಅಲ್ಲಿಗೆ ಹೋಗಿ ಏನು ಮಾಡ್ಲಿ ಸಾರ್? ನೀವೇ ನೋಡಿದ್ರಲ್ಲ."

ಮೇಷ್ಟ್ರು ಕನ್ನಡಕ ಹಾಕಿಕೊಂಡರು. "ನೋಡಿದೆ. ಅದಕ್ಕೇ ಕೆಂಚಕ್ಕನ್ನ ಕೂರಿಸಿದ್ದು. ನೀವೇ ಒಂದ್ಸಲ ನೋಡ್ಕಳ್ಳಿ ಅಂತ," ಅಂದರು. ಆ ಮೇಲೆ ಹೊರಟರು.

ಸಂಜೆ ಕೊಟ್ರಮ್ಮ ಒಲೆ ಮುಂದೆ ಮುದ್ದೆ ತೊಳಸುತ್ತಿದ್ದಳು. ಸೊಸೆ ಒಳಗೆ ಬಂದು ಚೀಲ ಗೂಟಕ್ಕೆ ಹಾಕಿ, ಗೋಡೆಗೆ ನೇತುಹಾಕಿದ್ದ ಕನ್ನಡಿಯ ಮುಂದೆ ನಿಂತದ್ದನ್ನು ನೋಡಿದಳು. ಕನ್ನಡಿ ಹಳೆಯದು, ಪಾದರಸ ಅಲ್ಲಲ್ಲಿ ಎದ್ದಿತ್ತು. ಅದರಲ್ಲಿ ಹಣೆ, ವಿಭೂತಿ, ಮೂಗು ಕಾಣುತ್ತಿದ್ದವು. ಬಾಯಿಯ ಜಾಗದಲ್ಲಿ ಸರಿಯಾಗಿ ಒಂದು ಕಪ್ಪು ಮಚ್ಚೆ.

"ಫ್ಯಾನ್," ಅಂದಳು ಅನ್ನಪೂರ್ಣಮ್ಮ ಮಚ್ಚೆಗೆ.

"ಏನು ಬೇಕಂತೆ ಕನ್ನಡಿಗೆ?" ಅಂದಳು ಕೊಟ್ರಮ್ಮ.

"ಏನಿಲ್ಲ ಅತ್ತೆ."

"ಮೇಷ್ಟ್ರು ಬೈದ್ರಾ?"

"ಇಲ್ಲ. ನಾಳೆ ಕಡೆ ದಿನ ಅಂತೆ."

ಕೊಟ್ರಮ್ಮ ಮುದ್ದೆಯನ್ನು ತಟ್ಟೆಗೆ ತಿರುವಿ ಹಾಕಿ, ನೀರು ಕೈಯಲ್ಲಿ ದುಂಡಗೆ ಮಾಡಿದಳು. ಅವಳಿಗೆ ಅಕ್ಷರ ಬರದು. ಆದರೆ ಮನೆಯಲ್ಲಿ ವರ್ಷಾನುಗಟ್ಟಲೆ ಈ ಪ-ಫಗಳ ಸಂತೆ ಕೇಳಿ ಕೇಳಿ ಒಂದಿಷ್ಟು ಅವಳ ಕಿವಿಗೂ ಬಿದ್ದಿತ್ತು.

"ಆ ಇನ್ನೊಂದು ಜೋಡಿ ಬರ್ತತೇನು ನಿಂಗೆ? ಸ, ಶ?"

"ಅದು ಬರ್ತತೆ. ಅದಕ್ಕೆ ತುಟಿ ಬೇಡ."

"ಅದು ನಂಗೂ ಬರ್ತತೆ. ಮಗೂನ ಉಚ್ಚೆ ಹೊಯ್ಸೋದು ಸ್ಸ್ಸ್. ಕಾಗೆ ಓಡ್ಸೋದು ಹುಶ್ಶ್. ನನ್ನೂ ಕಳಿಸು ಬೆಂಗ್ಳೂರಿಗೆ."

"ನಿನ್ನ ಕಳಿಸಿದ್ರೆ ಅವರಿಗೇ ಕಲಿಸಿ ಬರ್ತೀಯ."

"ಮತ್ತೇನು ತಿಳ್ಕಂಡೆ?" ಅಂದ ಕೊಟ್ರಮ್ಮ ತಾನೇ ನಕ್ಕಳು. ಸೊಸೆಯ ಬಾಯಿಯ ಮೇಲರ್ಧವೂ ನಕ್ಕಂತೆ ಕಂಡಿತು. ಕೆಳಗಿನರ್ಧ ಇದ್ದಲ್ಲೇ ಇತ್ತು. ಅದನ್ನು ನೋಡಿ ಮುದುಕಿಯ ನಗೆ ನಿಂತಿತು.

ಅನ್ನಪೂರ್ಣಮ್ಮ ಅರಳೆ ಅಂಗೈ ಮೇಲಿಟ್ಟು ಅಂದಳು, ಹಾರಿತು. ಮತ್ತೆ ಇಟ್ಟಳು, ಹಾರಿತು. ಕೆಲವು ಚೂರು ಉಗುಳು ತಾಗಿ ಒದ್ದೆಯಾಗಿ ಅಲ್ಲಾಡುವುದನ್ನೇ ಬಿಟ್ಟವು. ಒದ್ದೆ ಅರಳೆಗೆ ಪವೂ ಒಂದೇ, ಫವೂ ಒಂದೇ. ಹೊರಗೆ ಹೊತ್ತು ಮುಳುಗುತ್ತಿತ್ತು. ದನಗಳು ಹಟ್ಟಿಗೆ ತಿರುಗುವ ಧೂಳು ಬಾಗಿಲಲ್ಲಿ ಕೆಂಪಗೆ ನಿಂತಿತ್ತು. ಅವಳು ಅರಳೆ ಕೆಳಗಿಟ್ಟು ಗೋಡೆಗೊರಗಿ ಕುಳಿತಳು.

"ಒಂದನೇ ತರಗತಿ ಮಕ್ಕಳೇ ಸಾಕು ಬಿಡು ಅತ್ತೆ. ಅಆಇಈಗೆ ಈ ತುಟಿ ಸಾಕು."

ಕೊಟ್ರಮ್ಮ ಕೈ ತೊಳೆದುಕೊಂಡಳು. ಎದ್ದು ಪಟದ ಹತ್ತಿರ ಹೋದಳು. ಎಣ್ಣೆ ನೋಡಲು ಹೋದಳು ಅಂದುಕೊಂಡಳು ಸೊಸೆ. ಮುದುಕಿ ದೀಪವನ್ನೇ ಎರಡೂ ಕೈಯಲ್ಲಿ ಎತ್ತಿಕೊಂಡು, ಸೆರಗು ಮರೆ ಮಾಡಿಕೊಂಡು ತಂದು, ಸೊಸೆಯ ಮುಂದೆ ಬೋರಲು ಹಾಕಿದ್ದ ಕಂಚಿನ ಚೊಂಬಿನ ಮೇಲಿಟ್ಟಳು. ಬಗ್ಗಿದರೆ ಸರಿಯಾಗಿ ಬಾಯಿಯ ಎತ್ತರಕ್ಕೆ.

"ಊದು."

"ಅತ್ತೆ!"

"ಪುಸ್ತಕದಾಗೆ ದೀಪ ಅಂತಲೇ ಬರೆದೈತೆ ಅಂತ ನೀನೇ ಹೇಳಿದ್ದೆ ಅಲ್ವಾ ನನ್ನ ಮಗನಿಗೆ. ಅರಳೆ ಒದ್ದೆ ಆಗ್ತತೆ. ಇದು ಆಗಲ್ಲ."

"ಆರಿಹೋದ್ರೆ?"

"ಆರಿದಾಗ ನೋಡಾಣ."

"ನಿನ್ನ ನೇಮ?"

"ನೇಮ ನಂದು. ನೀನು ಊದು."

ಅನ್ನಪೂರ್ಣಮ್ಮ ದೀಪದ ಮುಂದೆ ಸರಿದು ಕುಳಿತಳು. ಆಮೇಲೆ "ಫ್ಯಾನ್" ಅಂದಳು, ಎಷ್ಟು ಮೆಲ್ಲಗೆ ಅಂದರೆ ಜ್ವಾಲೆಗೂ ಕೇಳಿಸಲಿಲ್ಲ. ಇನ್ನೊಂದು ಸಲ ಅಂದಳು. ಜ್ವಾಲೆ ಹಿಂದಕ್ಕೆ ನೆಗೆದು ನಿಂತಿತು. ಆ ಕಡೆ ಸಾಲು. ಇನ್ನೊಮ್ಮೆ. ಆ ಕಡೆ ಸಾಲೇ. ತುಟಿಯನ್ನು ಮುಚ್ಚುತ್ತಿದ್ದೇನೆ, ಪೂರಾ ಮುಚ್ಚುತ್ತಿದ್ದೇನೆ. ತುಟಿಗೆ ಗೊತ್ತಾಗದೆ ಇದ್ದರೂ ಜ್ವಾಲೆ ಹೇಳುತ್ತಿತ್ತು. ಒಂದು ಬೆರಳು ಎತ್ತಬೇಕು. ಅವಳು ತೋರುಬೆರಳಿನ ತುದಿಯಿಂದ ಕೆಳತುಟಿಯನ್ನು ಹಲ್ಲಿನ ಅಡಿಗೆ ತಳ್ಳಿ ಹಿಡಿದಳು. ಬೆರಳಿಗೆ ಹಲ್ಲು ಸಿಕ್ಕಿತು. ಉಸಿರು ಬಿಟ್ಟಳು.

ಜ್ವಾಲೆ ಬಾಗಿತು.

ಬಾಗಿ ಹಾಗೇ ನಿಂತಿತು, ಉಸಿರು ಇರುವ ತನಕ. ಸಂದಿಯಲ್ಲಿ ನೀರು ಬರುವ ಸದ್ದೇ ಅದು. ಸುಯ್ಯಂತ. ಮಾರಿಕಣಿವೆಗೆ ಹೋದಾಗ ನಾಲೆಯ ಏರಿಯ ಮೇಲೆ ಕುಳಿತು ಅವಳೇ ಕೇಳಿದ ಸದ್ದು.

"ಬಂತಾ?" ಅಂದಳು ಕೊಟ್ರಮ್ಮ.

"ಬೆರಳು ಇಟ್ರೆ ಬಂತು."

"ಇಟ್ಕ. ಯಾರು ಬೇಡ ಅಂದ್ರು? ಊರೆಲ್ಲ ಕೋಲು ಹಿಡ್ಕಂಡು ನಡೀತತೆ, ನೀನು ಬೆರಳು ಹಿಡ್ಕಂಡು ಮಾತಾಡು."

ಅವಳು ಮತ್ತೆ ಅಂದಳು, ಮತ್ತೆ ಅಂದಳು. ಬೆರಳು ಇಟ್ಟು ಅಂದಳು, ತೆಗೆದು ಅಂದಳು. ತೆಗೆದಾಗ ಕೆಲವು ತಪ್ಪಿದವು, ಕೆಲವು ಬಾಗಿದವು. ಕಣ್ಣು ಜ್ವಾಲೆಯ ಮೇಲಿಟ್ಟರೆ ತುಟಿ ಎಲ್ಲಿದೆ ಅಂತ ಲೆಕ್ಕ ಸಿಗುತ್ತಿತ್ತು. ಫ್ಯಾನ್, ಫಿಲ್, ಫೈನ್. ಜೊತೆಗೆ ಪ ಬೇಡವೇ? ಎರಡೂ ಸಾಲು ಒಟ್ಟಿಗೆ ಹೇಳಿದರೇ ತಾನೆ ಪಾಠ. ಬೆರಳು ತೆಗೆದು, ತುಟಿ ಮುಚ್ಚಿ, ಬಿಟ್ಟಳು.

"ಪ್ಯಾನ್."

ದೀಪ ಆರಿಹೋಯಿತು.

ಬತ್ತಿಯ ತುದಿಯಲ್ಲಿ ಕೆಂಪು ಒಂದು ಗಳಿಗೆ ಇದ್ದು ಹೋಯಿತು. ಎಣ್ಣೆ ಸುಟ್ಟ ಹೊಗೆಯ ಎಳೆ ಇಬ್ಬರ ನಡುವೆ ಎದ್ದಿತು. ಅನ್ನಪೂರ್ಣಮ್ಮ ಕಾದಳು. ಈಗ ಏನೋ ಆಗುತ್ತದೆ, ಎದೆಯಲ್ಲಿ ಏನೋ ಒಡೆಯುತ್ತದೆ, ಅತ್ತೆ ಕಿರಿಚುತ್ತಾಳೆ, ಅಂತ ಕಾದಳು. ಏನೂ ಆಗಲಿಲ್ಲ. ಹೊರಗೆ ಪಕ್ಕದ ಮನೆಯವರು ಕರುವಿಗೆ ಬೈಯುತ್ತಿದ್ದರು.

ಕೊಟ್ರಮ್ಮ ಎದ್ದು ಒಲೆಯ ಗೂಡಿನಿಂದ ಬೆಂಕಿಪೆಟ್ಟಿಗೆ ತಂದಳು. ಗೀರಿದಳು. ಹಚ್ಚಿದಳು.

"ಯಾವುದು ಆರಿಸ್ತು?"

"ಪ."

"ಅದು ನಮ್ಮ ಪ ಅಲ್ಲೇನೆ? ಅದಕ್ಯಾಕೆ ಅಷ್ಟು ಜೋರು?"

"ಅವರು ಹಂಗೇ ಅನ್ನೋದು ಅತ್ತೆ. ಜೋರಾಗಿ." ಅನ್ನಪೂರ್ಣಮ್ಮ ಹೊಸ ಜ್ವಾಲೆಯನ್ನೇ ನೋಡಿದಳು. "ಆರಿಹೋತಲ್ಲ ಅತ್ತೆ."

"ಶೂನ್ಯಮಾಸದಾಗೆ ಗಾಳಿ ಬಂದಾಗ್ಲೂ ಆರಿತ್ತು. ನೀನು ಶಾಲೆಗೆ ಹೋಗಿದ್ದೆ, ನಾನೇ ಹಚ್ಚಿದೆ. ಆ ಮೇಲೆ ಇಲಿ ಬತ್ತಿ ಎಳ್ಕಂಡು ಹೋದಾಗ ಒಂದು ಸಲ." ಮುದುಕಿ ಬತ್ತಿಯ ಕುಡಿ ತಟ್ಟಿ ಸರಿಮಾಡಿ ಬೆರಳನ್ನು ತಲೆಗೆ ಒರೆಸಿಕೊಂಡಳು. "ಆರದೆ ಇರೋಕೆ ಅದೇನು ಸೂರ್ಯನಾ? ಇನ್ನೊಂದು ಸಲ ಹೇಳು. ಈ ಸಲ ಸ್ವಲ್ಪ ಹಿಂದಕ್ಕೆ ಕುಂತ್ಕ."

ಅವಳು ಹಿಂದಕ್ಕೆ ಸರಿದು ಕುಳಿತು ಹೇಳಿದಳು. ಮುದ್ದೆ ತಣ್ಣಗಾಯಿತು. ಇಬ್ಬರೂ ತಣ್ಣನೆಯ ಮುದ್ದೆಯನ್ನೇ ಉಂಡರು. ಉಂಡ ಮೇಲೆ ಕೊಟ್ರಮ್ಮ ದೀಪವನ್ನು ಮೊದಲಿದ್ದ ಜಾಗಕ್ಕೆ ಇಟ್ಟು ಬಂದಳು. ಪಟದಲ್ಲಿ ಗಂಗಾಧರಪ್ಪ ಎಂದಿನಂತೆ ಯಾರೋ ಏನೋ ಅಂದಿದ್ದಕ್ಕೆ ನಗುವುದನ್ನು ತಡೆದುಕೊಂಡ ಹಾಗೆ ನಿಂತಿದ್ದ.

ಬೆಳಗ್ಗೆ ಕನ್ನಡಿಯ ಹಿಂದಿನಿಂದ ಪತ್ರ ತೆಗೆದಾಗ ಮೇಲೆ ಜೇಡದ ಬಲೆ ಇತ್ತು. ಒರೆಸಿ, ಬಿಚ್ಚಿ ಓದಿದಳು. ಬರೆದವಳು ಬೇರೆ ಯಾರೋ ಅನ್ನಿಸುವಂತೆ ಅಕ್ಷರಗಳು ದುಂಡಗೆ, ಚುರುಕಾಗಿದ್ದವು. 'ಈ ತರಬೇತಿಗೆ ಹೋಗಲು ನನಗೆ ಸಂಪೂರ್ಣ ಒಪ್ಪಿಗೆ ಇದೆ.' ಸಂಪೂರ್ಣ ಅನ್ನುವ ಪದದ ಮೇಲೆ ಸ್ವಲ್ಪ ಹೊತ್ತು ಕಣ್ಣು ನಿಂತಿತು. ಹೊಡೆದು ಹಾಕೋಣ ಅಂದುಕೊಂಡಳು. ಇರಲಿ, ಅವತ್ತು ಇದ್ದದ್ದು ನಿಜ ತಾನೆ. ಖಾಲಿ ಬಿಟ್ಟ ಜಾಗದಲ್ಲಿ ತಾರೀಖು ತುಂಬಿದಳು. ಇಸವಿ ಬೇರೆ ಬದಲಾಗಿತ್ತು. ಎಪ್ಪತ್ತಾರು ಅಂತ ಬರೆದಳು. ಸೋಮವಾರ ಅಲ್ಲ, ಗುರುವಾರ. ನಡೆಯುತ್ತದೆ.

ಲಕೋಟೆ ಅಂಟಿಸಿ ಇಟ್ಟು ಜಡೆ ಹಾಕಿಕೊಂಡು ಬರುವಷ್ಟರಲ್ಲಿ ಲಕೋಟೆಯ ನಾಲ್ಕೂ ಮೂಲೆಗೆ ಅರಿಶಿನ ಬಿದ್ದಿತ್ತು.

"ಅತ್ತೆ, ಇದು ಸರ್ಕಾರಕ್ಕೆ ಹೋಗೋ ಕಾಗ್ದ!"

"ಹೋಗ್ಲಿ. ಅರಿಶಿನ ಇಲ್ದಿದ್ರೆ ಯಾರೋ ಸತ್ತ ಸುದ್ದಿ ಅಂತ ಬಾಗಿಲಲ್ಲೇ ಹರಿದು ಹಾಕ್ತಾರೆ."

"ಕಚೇರಿಲಿ ಹಂಗೆಲ್ಲ ಮಾಡಲ್ಲ."

"ಅವರೂ ಮನೆಯಿಂದ ಬಂದೋರೇ ಅಲ್ಲೇನೆ? ಹೋಗು, ಬಸ್ಸು ಬರೋ ಹೊತ್ತಾತು."

ಊರ ಮುಂದಿನ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಟಪಾಲಿನ ಜುಂಜಣ್ಣ ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. ಚೀಲದ ಬಾಯಿಗೆ ಅರಗು ಹಾಕುವ ಮೊದಲು ಕಡೆಯ ಗಳಿಗೆಯಲ್ಲಿ ಓಡಿ ಬರುವವರಿಗಾಗಿ ಅವನು ಯಾವತ್ತೂ ಕಾಯುವನು, ಕಾಯುತ್ತಾ ಬೈಯುವನು.

"ಬರ್ರಿ ಬರ್ರಿ ಟೀಚರಮ್ಮ, ಇನ್ನೂ ತಡವಾಗಿ ಬಂದಿದ್ರೆ ಹಿರಿಯೂರಿಗೇ ಬಂದು ಕೊಡ್ತಿದ್ರೇನೋ," ಅಂದು ಲಕೋಟೆ ತೆಗೆದುಕೊಂಡ. ಮೂಲೆಯ ಹಳದಿ ನೋಡಿ ಮುಖ ಅರಳಿತು. "ಓಹೋ, ಯಾರ ಮದುವೆ?"

ಅಂದವನೇ ನಾಲಿಗೆ ಕಚ್ಚಿಕೊಂಡ. ಅವಳ ಹಣೆ ನೋಡಲಾರದೆ ಚೀಲ ನೋಡಿದ.

"ತಪ್ಪು ತಿಳಿಬ್ಯಾಡ್ರಮ್ಮ. ನನ್ನ ಬಾಯಿ ಹಾಳಾಗ."

"ಇರ್ಲಿ ಬಿಡಪ್ಪ," ಅಂದಳು ಅನ್ನಪೂರ್ಣಮ್ಮ. ನೋವಾಗಿದೆಯೇ ಅಂತ ಒಳಗೆ ಹುಡುಕಿ ನೋಡಿದಳು. ತಿಳಿಯಲಿಲ್ಲ. "ಮದುವೇದಲ್ಲ. ಇಂಗ್ಲಿಷಿಂದು."

"ಇಂಗ್ಲಿಷಿಗೂ ಅರಿಶಿನ ಹಚ್ತಾರಾ?"

"ನಮ್ಮತ್ತೆ ಹಚ್ತಾರೆ."

ಜುಂಜಣ್ಣ ಲಕೋಟೆಯನ್ನು ಉಳಿದವುಗಳ ನಡುವೆ ಸೇರಿಸದೆ ಎಲ್ಲಕ್ಕಿಂತ ಮೇಲೆ ಇಟ್ಟ. ದಾರ ಬಿಗಿದ, ಅರಗು ಕರಗಿಸಿ ಹನಿಸಿದ, ಹಿತ್ತಾಳೆಯ ಮುದ್ರೆ ಒತ್ತಿದ. ಬಸ್ಸಿನ ಸದ್ದು ಕೆರೆ ಏರಿಯ ಆ ಕಡೆಯಿಂದ ಕೇಳಿತು. ಶಾಲೆಯ ಕಡೆಗೆ ಕೆಂಚಕ್ಕ ಮತ್ತವಳ ಗುಂಪು ಹಾದುಹೋಗುತ್ತಾ, "ಮಿಸ್, ಇವತ್ತು ಅರಳೆನಾ?" ಅಂತ ಕೂಗಿದರು.

"ಅರಳೆ," ಅಂದಳು ಅವಳು. ಆಮೇಲೆ ತೋರುಬೆರಳನ್ನು ಕೆಳತುಟಿಗೆ ಒತ್ತಿಕೊಂಡು, ಯಾರಿಗೆ ಅಂತಲ್ಲ, "ಫ್ಯಾನ್," ಅಂದಳು.

ಬಸ್ಸು ಬಂದು ನಿಂತಿತು. ಜುಂಜಣ್ಣ ಚೀಲವನ್ನು ಕಂಡಕ್ಟರಿನ ಕೈಗೆ ಎತ್ತಿಕೊಟ್ಟ. ಕಂಡಕ್ಟರು ಅದನ್ನು ಡ್ರೈವರನ ಹಿಂದಿನ ಸೀಟಿನ ಕೆಳಗೆ ಕಾಲಿನಿಂದ ತಳ್ಳಿ, ಸೀಟಿ ಊದಿದ.